ಥರ್ಮಾಮೀಟರಿಗೆ ಖಾರ ಹತ್ತಲಿಲ್ಲ

ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಜೀವಶಾಸ್ತ್ರ ಮಾಸ್ತರರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಒಂದರ ಮೇಲೆ ಕೆಂಪು ಬೆರಳಚ್ಚು ಇತ್ತು. ಮೂಸಿದೆ. ಎರಡು ಸೀನು ಬಂದವು. ಊರು ಯಾವುದೆಂದು ಓದುವ ಮೊದಲೇ ಗೊತ್ತಾಯಿತು. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಸರ್, ನಮ್ಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕೆ ಹೋಗ್ತಾಳ. ರಾತ್ರಿ ಕೈ ಉರೀತಾವಂತ ನಿದ್ದಿ ಮಾಡೂದಿಲ್ಲ. ನಾಕು ಸಲ ತೊಳದರೂ ಅಷ್ಟೇ. ಬಿಸಿನೀರು ತಾಗಿದರಂತೂ ಚೀರ್ತಾಳ. ನಾನು ಮುಟ್ಟಿ ನೋಡಿದರ ಕೈ ತಣ್ಣಗ ಇರ್ತಾವ. ಇದೇನು ಸರ್?
– ಪಿಯುಸಿ ವಿದ್ಯಾರ್ಥಿನಿ, ಬ್ಯಾಡಗಿ

ಮುಟ್ಟಿ ನೋಡಿದಿಯಲ್ಲ ತಂಗಿ, ಅಲ್ಲಿಗೆ ಅರ್ಧ ಉತ್ತರ ನೀನೇ ಬರೆದಂತಾಯಿತು.

ನಾನು ಪಾಠ ಹೇಳುವಾಗ ಪ್ರತಿವರ್ಷ ಮನೆಯಿಂದ ಒಂದು ಬಟ್ಟಲು ರಂಜಕ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ, ಒಯ್ಯುತ್ತಿದ್ದೆ. ಮೊದಲು ಅದರೊಳಗೆ ಪ್ರಯೋಗಶಾಲೆಯ ಥರ್ಮಾಮೀಟರು ಅದ್ದುವುದು. ಕೋಣೆಯಲ್ಲಿ 27 ಡಿಗ್ರಿ ಇದ್ದರೆ ರಂಜಕದಲ್ಲೂ 27. ಆಮೇಲೆ ಒಬ್ಬ ಹುಡುಗನ ನಾಲಿಗೆಗೆ ಚೂರು ಹಚ್ಚುವುದು. ಅವನು ‘ಹಾ ಹಾ’ ಅನ್ನುತ್ತ ನಲ್ಲಿ ಹುಡುಕಿಕೊಂಡು ಓಡುವುದು. ಒಂದು ವರ್ಷ ಕೊನೆಯ ಬೆಂಚಿನಿಂದ ಒಬ್ಬ ಕೂಗಿದ: “ಥರ್ಮಾಮೀಟರಿಗೆ ಖಾರ ಹತ್ತೂದಿಲ್ಲ ಬಿಡ್ರಿ ಸರ!” ಎಲ್ಲರೂ ನಕ್ಕರು. ನಾನು ಅದನ್ನೇ ಬೋರ್ಡಿನ ಮೇಲೆ ಬರೆದೆ. ಉತ್ತರ ಅದೇ ಆಗಿತ್ತು.

ಖಾರದಲ್ಲಿ ಬಿಸಿ ಇಲ್ಲ. ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತು ತಯಾರಾಗುತ್ತದೆ. ನಮ್ಮ ಚರ್ಮ, ನಾಲಿಗೆ, ಕಣ್ಣುಗಳ ನರದ ತುದಿಯಲ್ಲಿ ಸಣ್ಣ ಬಾಗಿಲುಗಳಿವೆ. ಟಿಆರ್‌ಪಿವಿ1 ಎಂದು ಅವುಗಳ ಹೆಸರು. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದರೆ ಈ ಬಾಗಿಲು ತೆರೆಯುತ್ತದೆ, ‘ಸುಡುತ್ತಿದೆ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಕ್ಯಾಪ್ಸೈಸಿನ್ ಬಿಸಿ ಇಲ್ಲದೆಯೇ ಅದೇ ಬಾಗಿಲಿಗೆ ಕಳ್ಳಕೀಲಿ ಹಾಕುತ್ತದೆ. ತಲೆಬುರುಡೆಯ ಕತ್ತಲಲ್ಲಿ ಕುಳಿತ ಮಿದುಳು ಎದ್ದು ಬಂದು ನೋಡಲಾರದು. ಸುದ್ದಿ ಬಂದ ದಾರಿ ಬೆಂಕಿಯದು, ಹಾಗಾಗಿ ಬೆಂಕಿ ಎಂದೇ ನಂಬುತ್ತದೆ. ಈ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ತಂಡ. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಜೂಲಿಯಸ್‌ಗೆ ಪಾಲು ಸಿಕ್ಕಿತು. ನೊಬೆಲ್ಲಿಗೂ ಮೆಣಸಿನಕಾಯಿಗೂ ನಂಟಿದೆ ಎಂದು ಅವ್ವನಿಗೆ ಹೇಳು.

ಬಿಸಿನೀರಿಗೆ ಯಾಕೆ ಚೀರುತ್ತಾಳೆ? ಕ್ಯಾಪ್ಸೈಸಿನ್ ತಾಗಿದ ಬಾಗಿಲು ಸಡಿಲಾಗಿರುತ್ತದೆ. 43 ಡಿಗ್ರಿಯತನಕ ಕಾಯುವುದಿಲ್ಲ, ಉಗುರು ಬೆಚ್ಚಗಿನ ನೀರಿಗೂ ತೆರೆದುಕೊಳ್ಳುತ್ತದೆ. ಇನ್ನು ತೊಳೆಯುವ ಮಾತು. ಕ್ಯಾಪ್ಸೈಸಿನ್ ಬರೀ ನೀರಿಗೆ ಬಿಡುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೆಲಸದಿಂದ ಬಂದ ಕೂಡಲೇ ಶೇಂಗಾ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಕೈತುಂಬ ತಿಕ್ಕಿ, ಅರಿವೆಯಿಂದ ಒರೆಸಿ, ಆಮೇಲೆ ಸಾಬೂನು ಹಚ್ಚಿ ತಣ್ಣೀರಿನಲ್ಲಿ ತೊಳೆಯಲಿ. ಕೈಗವಸು ಸಿಕ್ಕರೆ ಇನ್ನೂ ಒಳ್ಳೆಯದು. ಕೈ ತೊಳೆಯುವತನಕ ಕಣ್ಣು ಉಜ್ಜಬಾರದು. ರೊಟ್ಟಿ ಜೊತೆ ಕೆಂಪುಖಾರ ಹಾಕಿ, ಅದರ ಮೇಲೆ ಎಣ್ಣೆಯನ್ನೋ ಗಟ್ಟಿ ಮೊಸರನ್ನೋ ಸುರಿಯುತ್ತಿದ್ದ ನಮ್ಮಜ್ಜಿ ಈ ರಸಾಯನಶಾಸ್ತ್ರವನ್ನು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ.

ಅಂದಹಾಗೆ ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಆದರೆ ದಿನವಿಡೀ ಮುಟ್ಟುವ ಕೈಗೆ ಅಷ್ಟೇ ಸಾಕು. ಗಿಳಿಗೆ ಮಾತ್ರ ಈ ಕಾಟವಿಲ್ಲ. ಹಕ್ಕಿಗಳ ಬಾಗಿಲಿಗೆ ಈ ಕಳ್ಳಕೀಲಿ ಹೊಂದುವುದೇ ಇಲ್ಲ.

ಪ್ರಶ್ನೆ: ಮನುಷ್ಯ ಮಿದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತಾನಂತೆ. ಉಳಿದದ್ದನ್ನು ಬಳಸುವುದು ಹೇಗೆ?
– ಕಾಲೇಜು ವಿದ್ಯಾರ್ಥಿ, ಹಾವೇರಿ

ಸುಳ್ಳು. ದೇಹದ ತೂಕದಲ್ಲಿ ಸುಮಾರು ಶೇಕಡಾ 2ರಷ್ಟಿರುವ ಈ ಅಂಗ, ನಾವು ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ತಿನ್ನುತ್ತದೆ. ದುಡಿಯದವರಿಗೆ ಇಷ್ಟು ಊಟ ಯಾರು ಹಾಕುತ್ತಾರೆ? ಲಕ್ವ ಹೊಡೆದಾಗ ಸಣ್ಣ ಜಾಗ ಸತ್ತರೂ ಮಾತು ಹೋಗಬಹುದು. 1861ರಲ್ಲಿ ಪ್ಯಾರಿಸ್‌ನ ವೈದ್ಯ ಬ್ರೋಕಾ ನೋಡಿದ ರೋಗಿಗೆ ಉಳಿದಿದ್ದ ಮಾತು ‘ಟಾನ್’ ಒಂದೇ. ಬೇರೆ ಮಾತು ನಿಲ್ಲಲು ಮಿದುಳಿನ ಎಡಮುಂಭಾಗ ಕೆಟ್ಟದ್ದೇ ಸಾಕಾಗಿತ್ತು. ಉಳಿದ 90 ಎಲ್ಲಿದೆ ಎಂದು ಹುಡುಕಬೇಡ. ಪರೀಕ್ಷೆ ಹತ್ತಿರ ಬಂದಿದೆ, ಓದು.

ಪ್ರಶ್ನೆ: ಎರಡು ವರ್ಷದ ಹಿಂದೆ ಜೋಳದ ರಾಶಿ ಮಾಡುವಾಗ ಅಪ್ಪನ ಬಲಗೈ ಮಷಿನ್ನಿಗೆ ಸಿಕ್ಕಿತು, ಮೊಣಕೈ ಕೆಳಗೆ ತೆಗೆದರು. ಈಗಲೂ ಆ ಕೈ ಮುಷ್ಟಿ ಬಿಗಿದಂತೆ ನೋಯುತ್ತದೆ, ಉಗುರು ಅಂಗೈಗೆ ಚುಚ್ಚುತ್ತದೆ ಎನ್ನುತ್ತಾರೆ. ಗಡ್ಡ ಮಾಡಿಕೊಳ್ಳುವಾಗ ‘ಬೆರಳು ಮುಟ್ಟಿದಂಗಾತು’ ಎಂದು ಬೆಚ್ಚುತ್ತಾರೆ. ಮಂದಿ ಗಾಳಿ ಹಿಡಿದಿದೆ ಅಂತಾರೆ. ತಲೆ ಕೆಟ್ಟಿದೆಯೋ ಎಂದು ನಮಗೂ ಭಯ.
– ಬೆಟಗೇರಿ, ಗದಗ

ಗಾಳಿಯೂ ಅಲ್ಲ, ತಲೆ ಕೆಟ್ಟದ್ದೂ ಅಲ್ಲ. ನಿಮ್ಮ ತಂದೆಯವರ ನೋವು ಖರೇ ನೋವು, ದಯಮಾಡಿ ಅವರೆದುರು ನಗಬೇಡಿ. ಕೈಕಾಲು ಕಳೆದುಕೊಂಡವರಲ್ಲಿ ಬಹಳ ಮಂದಿಗೆ ಹೀಗಾಗುತ್ತದೆ.

ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ಹಾಗಾಗಿ ಕೆನಡಾದ ಶಸ್ತ್ರವೈದ್ಯ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಅಲ್ಲಲ್ಲಿ ಸಣ್ಣ ವಿದ್ಯುತ್ ಮುಟ್ಟಿಸಿ ‘ಎಲ್ಲಿ ಏನಾಯಿತು’ ಎಂದು ಕೇಳಲು ಸಾಧ್ಯವಾಯಿತು. 1937ರಲ್ಲಿ ಪ್ರಕಟಿಸಿದ ಆ ಕೆಲಸದಿಂದ ಇಡೀ ದೇಹದ ನಕ್ಷೆ ಮಿದುಳಿನ ಮೇಲಿದೆ ಎಂಬುದು ಕಂಡಿತು. ಆ ನಕ್ಷೆಯಲ್ಲಿ ಕೈ ಮತ್ತು ಮುಖ ಗೋಡೆಗೆ ಗೋಡೆ ಹತ್ತಿದ ಮನೆಗಳು. ಕೈ ಹೋದರೂ ಅದರ ಮನೆ ಬಿದ್ದಿಲ್ಲ, ಖಾಲಿಯಾಗಿದೆ ಅಷ್ಟೇ. ಪಕ್ಕದವರು ಖಾಲಿ ಮನೆಯಲ್ಲಿ ಜೋಳದ ಚೀಲ ಒಟ್ಟಿದ ಹಾಗೆ ಮುಖದ ಸುದ್ದಿ ಅಲ್ಲಿ ಹೋಗಿ ಕುಳಿತುಕೊಳ್ಳುತ್ತದೆ ಎಂಬುದು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರ ವಿವರಣೆ. ಕೆನ್ನೆಗೆ ತಾಗಿದ ಬ್ಲೇಡು ಇಲ್ಲದ ಬೆರಳಿಗೆ ತಾಗುವುದು ಹೀಗೆ. ರಾಮಚಂದ್ರನ್ ಚೆನ್ನೈನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವರು.

ಬಿಗಿದ ಮುಷ್ಟಿಗೆ ಅವರು 1990ರ ದಶಕದಲ್ಲಿ ಬಳಸಿದ್ದು ಒಂದು ಕನ್ನಡಿ. ಎದೆಯ ಮುಂದೆ ಕನ್ನಡಿಯನ್ನು ಎರಡು ಕೈಗಳ ನಡುವಿನ ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ಕನ್ನಡಿಯ ಹೊಳೆಯುವ ಮುಖ ಎಡಗಡೆ ಇರಲಿ. ಮೋಟು ಕೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಕನ್ನಡಿಯೊಳಗೆ ನೋಡಿದರೆ ಬಲಗೈ ಮರಳಿ ಬಂದಂತೆ ಕಾಣುತ್ತದೆ. ಈಗ ಎಡ ಮುಷ್ಟಿ ಬಿಗಿದು ನಿಧಾನವಾಗಿ ಬಿಚ್ಚಲಿ. ಕೆಲವರಿಗೆ ಇಲ್ಲದ ಮುಷ್ಟಿಯೂ ಬಿಚ್ಚಿಕೊಳ್ಳುತ್ತದೆ, ನೋವು ಇಳಿಯುತ್ತದೆ. ಎಲ್ಲರಿಗೂ ಫಲ ಕೊಡುವುದಿಲ್ಲ, ದಿನವೂ ಮಾಡಬೇಕಾಗುತ್ತದೆ. ನರರೋಗ ವೈದ್ಯರಿಗೆ ತೋರಿಸಿ, ಈ ನೋವಿಗೆ ಔಷಧಿಯೂ ಇದೆ. ಆದರೆ ಕನ್ನಡಿ ಬಾಗಿಲಿನ ಅಲಮಾರು ಮನೆಯಲ್ಲಿದ್ದರೆ ಇವತ್ತೇ ಸಂಜೆ ಕೂತು ನೋಡಿರಿ. ಏನಾಯಿತೆಂದು ನನಗೊಂದು ಕಾಗದ ಹಾಕಿರಿ.

ಪ್ರಶ್ನೆ: ಎಲ್ಲರ ಕಣ್ಣಿನಾಗೂ ಒಂದು ಕುರುಡು ಚುಕ್ಕಿ ಇರತೈತಂತ. ನನಗಂತೂ ಎಲ್ಲಾ ಕಾಣತೈತಿ.
– ಆಟೋ ಚಾಲಕ, ಹುಬ್ಬಳ್ಳಿ

ಕಾಣುತ್ತದೆ ಎಂದು ನಿಮ್ಮ ಮಿದುಳು ಹೇಳುತ್ತಿದೆ, ಅಷ್ಟೇ. ಹಳೆಯ ಕ್ಯಾಲೆಂಡರಿನ ಹಿಂದೆ ನಾಲ್ಕು ಬೆರಳು ಅಂತರದಲ್ಲಿ ಎಡಕ್ಕೊಂದು ಗುಣಾಕಾರ ಚಿಹ್ನೆ, ಬಲಕ್ಕೊಂದು ದಪ್ಪ ಚುಕ್ಕಿ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಾಕಾರವನ್ನಷ್ಟೇ ನೋಡುತ್ತ, ಹಾಳೆಯನ್ನು ಮೊಳದ ದೂರದಿಂದ ಮೆಲ್ಲಗೆ ಹತ್ತಿರ ತನ್ನಿರಿ. ಒಂದು ಕಡೆ ಚುಕ್ಕಿ ಮಾಯ. ಕಣ್ಣಿನ ನರ ಹೊರಗೆ ಹೋಗುವ ತೂತಿನಲ್ಲಿ ಬೆಳಕು ಹಿಡಿಯುವ ಜೀವಕೋಶಗಳಿಲ್ಲ, ಅಲ್ಲಿ ಬಿದ್ದದ್ದು ಕಾಣುವುದಿಲ್ಲ. ಆದರೂ ನಿಮಗೆ ಕರಿ ತೂತು ಕಾಣಲಿಲ್ಲ, ಬಿಳಿ ಹಾಳೆ ಕಂಡಿತು. ಸುತ್ತಲಿನ ಬಣ್ಣ ನೋಡಿ ಮಿದುಳು ತೇಪೆ ಹಚ್ಚಿತು. ಎರಡೂ ಕಣ್ಣು ತೆರೆದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಚೆನ್ನಮ್ಮ ಸರ್ಕಲ್ಲಿನಲ್ಲಿ ಗಾಬರಿ ಬೇಡ. ಈ ಪರೀಕ್ಷೆಯನ್ನು ಮಾತ್ರ ಆಟೋ ನಿಲ್ಲಿಸಿ ಮಾಡಿರಿ.