ಅಮೆರಿಕದ ಶಿಕಾರಿ ಬೂಟು ಸಹ್ಯಾದ್ರಿಯ ಕೋಟೆ ಹತ್ತೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಇದೇ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ. ನಿಮಗೆ ಹುಬ್ಬಳ್ಳಿಯಿಂದ ಪುಣೆಗೆ ವರ್ಗವಾಗಿದೆ, ಶನಿವಾರ-ಭಾನುವಾರ ಕೋಟೆ ಹತ್ತುವ ಆಸೆ ಇದೆ. ಅಮೆರಿಕದ ಮೊಂಟಾನಾದಲ್ಲಿರುವ ಅಣ್ಣ ಅಲ್ಲಿನ ಬೇಟೆಗಾರರು ಕಡಿದಾದ ಬೆಟ್ಟಕ್ಕೆ ಹಾಕುವ ಚರ್ಮದ ಬೂಟು ತರುತ್ತೇನೆ ಅಂತಿದ್ದಾರೆ, ತರಿಸಲಾ ಬೇಡವಾ ಅಂತ ಕೇಳಿದ್ದೀರಿ. ಬೇಡ. ಅಣ್ಣನಿಗೆ ಒಳ್ಳೆ ಉಣ್ಣೆ ಸಾಕ್ಸ್ ನಾಲ್ಕು ಜೊತೆ ತರಲು ಹೇಳಿ.

ಆ ಬೂಟು ಕೆಟ್ಟದ್ದಲ್ಲ. ಅದು ಬೇರೆ ಬೆಟ್ಟದ್ದು, ಅಷ್ಟೇ. ಅಲ್ಲಿ ಶಿಕಾರಿಗೆ ಹೋಗುವವರು ಕಾಲುದಾರಿ ಬಿಟ್ಟು ಪ್ರಾಣಿ ಇರುವ ಕಡೆ ನಡೆಯುತ್ತಾರೆ. ಇಳಿಜಾರಿಗೆ ಗಂಟೆಗಟ್ಟಲೆ ಅಡ್ಡಡ್ಡ ಹೋಗಬೇಕು. ಹಾಗೆ ಹೋಗುವಾಗ ಬೂಟಿನ ಒಂದು ಅಂಚು ಮಾತ್ರ ನೆಲ ಕಚ್ಚಿರುತ್ತದೆ. ಸೋಲ್ ಮೆತ್ತಗಿದ್ದರೆ ಅದು ಮಡಚಿ, ಪಾದ ಹೊರಳುತ್ತದೆ. ಅದಕ್ಕೇ ಹಲಗೆಯಂಥ ಗಟ್ಟಿ ಸೋಲ್, ಕಾಲಿನ ಗಂಟಿನ ಮೇಲೆ ಇನ್ನೊಂದು ಗೇಣು ಚರ್ಮ, ಕಲ್ಲು ತರಚದಂತೆ ಸುತ್ತಲೂ ರಬ್ಬರ್ ಪಟ್ಟಿ. ಇನ್ನು ಬೇಟೆ ಸಿಕ್ಕಿತು ಅನ್ನಿ. ಎಲ್ಕ್ ಅಂತ ಒಂದು ಪ್ರಾಣಿ, ನಮ್ಮ ಕಡವೆಯ ಬಳಗದ್ದೇ, ದೊಡ್ಡ ಗಂಡು 300 ಕಿಲೋ ತೂಗುತ್ತದೆ. ಅದನ್ನು ಕೊಯ್ದು, 30-40 ಕಿಲೋ ಮಾಂಸ ಬೆನ್ನಿಗೆ ಹಾಕಿಕೊಂಡು, ಹಿಮದಲ್ಲಿ ಇಳಿಯಬೇಕು. ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ, ನಾಲ್ಕೈದು ಸಲ ಹೋಗಿ ಬರಬೇಕು. ಆ ಕೆಲಸಕ್ಕೆ ಆ ಬೂಟೇ ಸರಿ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತೇ ಇಲ್ಲ. ನಿಮ್ಮ ಬೆನ್ನ ಮೇಲೆ ಇರುವುದು ಎರಡು ಲೀಟರ್ ನೀರು, ಒಂದಿಷ್ಟು ಚಪಾತಿ, ಶೇಂಗಾ ಚಟ್ನಿ. ಅದಕ್ಕೆ ಹಲಗೆ ಸೋಲ್ ಯಾಕೆ?

ಜರ್ಮನಿಯ ಮೈಂಡಲ್, ಹಾನ್‌ವಾಗ್ ಥರದ ಕಂಪನಿಗಳು ಬೂಟಿಗೆ ಎ, ಎ/ಬಿ, ಬಿ, ಬಿ/ಸಿ, ಸಿ, ಡಿ ಅಂತ ದರ್ಜೆ ಕೊಡುತ್ತವೆ. ಎ ಅಂದರೆ ಮೆತ್ತನೆಯದು, ಸುಮ್ನೆ ನಡೆದಾಡಲು. ಡಿ ಅಂದರೆ ಹಿಮದ ಗೋಡೆ ಹತ್ತಲು. ಬೆಟ್ಟದ ಬೇಟೆಯ ಬೂಟುಗಳು ಹೆಚ್ಚಾಗಿ ಬಿ, ಬಿ/ಸಿ ಆಸುಪಾಸು. ಪುಣೆ ಸುತ್ತಲಿನ ಸಿಂಹಗಡ, ರಾಜಗಡ, ತೋರಣಾ ಕೋಟೆಗಳಿಗೆ ಎ ಅಥವಾ ಎ/ಬಿ ಧಾರಾಳ ಸಾಕು.

ಈಗ ನನ್ನ ಕಥೆ. ನನ್ನ ಭಾವನೂ ಹೀಗೇ ಅಮೆರಿಕದಿಂದ ಒಂದು ಜೊತೆ ತಂದುಕೊಟ್ಟರು. ಏನು ಚರ್ಮ, ಏನು ಹೊಲಿಗೆ! ಹಾಕಿ ಹಾಳು ಮಾಡೋದು ಬೇಡ ಅಂತ ಆರು ವರ್ಷ ಅಟ್ಟದ ಮೇಲಿಟ್ಟೆ. ಒಂದು ನವೆಂಬರಿನಲ್ಲಿ ರಾಜಗಡಕ್ಕೆ ಹಾಕಿಕೊಂಡು ಹೋದೆ. ಬುಡದ ಗುಂಜವಣೆ ಊರಿನಿಂದ ಚೋರ್ ದರವಾಜಾ, ಅಂದರೆ ಕಳ್ಳಬಾಗಿಲಿನ ದಾರಿ. ಹತ್ತುವಾಗ ಹಿಮ್ಮಡಿ ಉರಿಯಿತು, ತಡೆದುಕೊಂಡೆ. ಕೋಟೆಯ ಚಾಚಿಕೊಂಡ ಭಾಗ ಸುವೇಳಾ ಮಾಚಿ ನೋಡಿಕೊಂಡು ಇಳಿಯುವಾಗ ಬಲಗಾಲಿನಲ್ಲಿ ಚಪ್ಪಚಪ್ಪ ಸದ್ದು. ಬಗ್ಗಿ ನೋಡಿದರೆ ಸೋಲ್ ಮೊಸಳೆ ಬಾಯಿಯಂತೆ ತೆರೆದಿದೆ. ಒಳಗಿನ ಫೋಮು ಹಳೇ ಬಿಸ್ಕತ್ತಿನ ಥರ ಪುಡಿಪುಡಿ. ಹತ್ತು ನಿಮಿಷಕ್ಕೆ ಎಡಗಾಲಿನದ್ದೂ ಅದೇ ಗತಿ. ಮಜ್ಜಿಗೆ ಮಾರುತ್ತಿದ್ದ ಕಾಕಾ ಒಬ್ಬರು ಡಬ್ಬಿ ಕಟ್ಟಿದ್ದ ಸುತಲಿ ಬಿಚ್ಚಿ ಕೊಟ್ಟರು. ಬೂಟಿಗೆ ಸುತಲಿ ಸುತ್ತಿ, ಮದುವೆ ಮನೆ ಗಂಟಿನ ಹಾಗೆ ಬಿಗಿದು, ಕುಂಟುತ್ತಾ ಇಳಿದೆ. ಕಾಕಾ ಅದೇ ದಾರಿಯಲ್ಲಿ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ನನಗಿಂತ ಮುಂದೆ ಇಳಿದು ಹೋದರು.

ಮರುದಿನ ನಮ್ಮ ಓಣಿಯಲ್ಲಿ ಚಪ್ಪಲಿ ಹೊಲಿಯುವ ಅಜ್ಜನಿಗೆ ತೋರಿಸಿದೆ. ಫೋಮನ್ನು ಉಗುರಿನಿಂದ ಕೆರೆದು ನೋಡಿ, "ಹಾಕದೇ ಕೊಂದೆ ಇದನ್ನ" ಅಂದರು. ಅವರು ಹೇಳಿದ್ದು ನಿಜ. ಎಷ್ಟೋ ಬೂಟುಗಳ ನಡುವಿನ ಪದರ ಪಾಲಿಯುರೆಥೇನ್ ಎಂಬ ಫೋಮು. ಗಾಳಿಯ ತೇವಾಂಶದಿಂದ ಅದು ನಿಧಾನಕ್ಕೆ ಒಡೆಯುತ್ತಾ ಹೋಗುತ್ತದೆ, ಸೆಖೆ ಇದ್ದಷ್ಟೂ ಬೇಗ. ನಮ್ಮ ಮುಂಬಯಿ-ಪುಣೆಯ ಮಳೆಗಾಲ ಅಂದರೆ ಕೇಳಬೇಕಾ? ಹಾಗಾಗಿ ಯಾರದ್ದೋ ಹಳೇ ಬೂಟು ಚೆನ್ನಾಗಿ ಕಂಡಿತು ಅಂತ ಹಾಕಿಕೊಂಡು ಹೊರಡಬೇಡಿ. ಮೊದಲು ಒಂದು ವಾರ ಮನೆ ಹತ್ತಿರ ಓಡಾಡಿ ನೋಡಿ.

ಸರಿ, ಇಲ್ಲಿಯ ನೆಲ ಎಂಥದ್ದು? ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು. ಒಣಗಿದ್ದಾಗ ಉಪ್ಪುಕಾಗದದ ಹಾಗೆ ಕಾಲು ಹಿಡಿಯುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿತೋ, ಸಾಬೂನು. ಇನ್ನೊಂದು, ಫೆಬ್ರವರಿ ಆದ ಮೇಲೆ ಹುಲ್ಲು ಒಣಗಿ, ಮಣ್ಣು ಸಡಿಲಾಗಿ, ಗೋಲಿಯಂಥ ಸಣ್ಣ ಕಲ್ಲು ಮೇಲೆ ನಿಲ್ಲುತ್ತದೆ. ಇಲ್ಲಿಯವರು ಅದನ್ನು ಘಸಾರಾ ಅಂತಾರೆ. ಟ್ರೆಕ್ಕಿಗೆ ಹೋದ ಮೊದಲ ದಿನವೇ ಕಲಿಯುವ ಮರಾಠಿ ಪದ ಅದು, ಸಾಮಾನ್ಯವಾಗಿ ಕುಂಡಿಯ ಮೇಲೆ ಕೂತುಕೊಂಡು ಕಲಿಯುತ್ತೇವೆ.

ಒದ್ದೆ ಬಂಡೆಗೆ ಬೇಕಾಗಿರುವುದು ಮೆದು ರಬ್ಬರು, ಸ್ವಲ್ಪ ಬಾಗುವ ಸೋಲ್. ಸೋಲ್ ಬಾಗಿದರೆ ಬಂಡೆಗೆ ಜಾಸ್ತಿ ಜಾಗದಲ್ಲಿ ಅಂಟಿಕೊಳ್ಳುತ್ತದೆ. ಗಟ್ಟಿ ಸೋಲ್ ಅಂಚಿನ ಮೇಲಷ್ಟೇ ನಿಲ್ಲುತ್ತದೆ. ಘಸಾರಾಕ್ಕೆ ಬೇಕಾಗಿರುವುದು ಆಳವಾದ ಹಲ್ಲು, ಹಿಮ್ಮಡಿಯ ಮುಂದೆ ಒಂದು ಮೆಟ್ಟಿಲು, ಹಲ್ಲುಗಳ ನಡುವೆ ಕೆಸರು ಉದುರುವಷ್ಟು ಜಾಗ. ಈ ಹಲ್ಲಿನ ರಬ್ಬರ್ ಸೋಲ್ ಹಿಂದೆ ಒಂದು ದುಃಖದ ಕಥೆ ಇದೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ವಿತಾಲೆ ಬ್ರಮಾನಿ ಎಂಬ ಇಟಲಿಯವನ ಆರು ಜನ ಸಂಗಾತಿಗಳು ಸತ್ತರು, ಕಾಲಿನಲ್ಲಿ ತಕ್ಕ ಬೂಟು ಇರಲಿಲ್ಲ. ಆಮೇಲೆ ಅವನು ಮಾಡಿದ ಸೋಲ್‌ಗೆ ತನ್ನ ಹೆಸರನ್ನೇ ಕತ್ತರಿಸಿ ಜೋಡಿಸಿ ವಿಬ್ರಮ್ ಅಂತ ಇಟ್ಟ. ಬೂಟಿನ ಕೆಳಗೆ ಹಳದಿ ಅಷ್ಟಕೋನದ ಗುರುತು ಕಂಡರೆ ಅದೇ. ಆದರೆ ಆ ಗುರುತು ಇದ್ದ ಮಾತ್ರಕ್ಕೆ ಒದ್ದೆ ಬಂಡೆಗೆ ಒಳ್ಳೆಯದು ಅಂತಲ್ಲ. ಅವರೇ ಗಟ್ಟಿಯದ್ದೂ ಮಾಡುತ್ತಾರೆ, ಮೆದುವಾದದ್ದೂ ಮಾಡುತ್ತಾರೆ. ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಸ್ವಲ್ಪವೂ ತಗ್ಗದಿದ್ದರೆ ಆ ಬೂಟು ಹತ್ತು ವರ್ಷ ಬಾಳಬಹುದು, ನಿಮ್ಮ ಮೊಣಕಾಲು ಬಾಳಲ್ಲ.

ನಾನು ಮಾಡುವ ಇನ್ನೊಂದು ಪರೀಕ್ಷೆ ಇದೆ. ಮನೆಗೆ ತಂದ ಮೇಲೆ ಅಡುಗೆಮನೆಯ ಕಡಪ ಕಲ್ಲಿನ ಒಂದು ತುಂಡನ್ನು ಬಚ್ಚಲಲ್ಲಿ ಓರೆಯಾಗಿ ನಿಲ್ಲಿಸಿ, ನೀರು ಹೊಯ್ದು, ಗೋಡೆ ಹಿಡಿದುಕೊಂಡು ಹತ್ತಿ ನಿಲ್ಲುವುದು. ಹೆಂಡತಿ ಬೈತಾಳೆ. ಆದರೂ ಅಂಗಡಿಯ ಹುಡುಗ ಹೇಳುವ ಎಲ್ಲ ಮಾತಿಗಿಂತ ಆ ಕಲ್ಲು ನಿಜ ಹೇಳುತ್ತದೆ. ಪಾಚಿಗೆ ಮಾತ್ರ ಯಾವ ರಬ್ಬರೂ ಇಲ್ಲ. ಕಂಡಲ್ಲಿ ಕಾಲಿಡಬಾರದು, ಅಷ್ಟೇ.

ನೀರು ಒಳಗೆ ಬರದ ಗೋರ್‌ಟೆಕ್ಸ್ ಬೂಟು ಬೇಕಾ ಅಂತಲೂ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಇಲ್ಲಿ ಜುಲೈ ಮಳೆ ಮೇಲಿನಿಂದ ಪ್ಯಾಂಟು, ಸಾಕ್ಸ್ ಹಿಡಿದುಕೊಂಡು ಬೂಟಿನೊಳಗೆ ಇಳಿಯುತ್ತದೆ. ಒಳಗೆ ಬಿದ್ದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಎರಡು ತಂಬಿಗೆ ಕಟ್ಟಿಕೊಂಡು ನಡೆದ ಹಾಗೆ. ಏಪ್ರಿಲ್‌ನಲ್ಲಿ ಹಾಕಿದರೆ ಕಾಲು ಬೆವೆತು ಬೇಯುತ್ತದೆ. ಜಾಳಿಗೆ ಬಟ್ಟೆಯ ಬೂಟು ಒದ್ದೆಯಾಗುತ್ತದೆ, ಬೇಗ ಒಣಗುತ್ತದೆ. ಹತ್ತಿಯ ಸಾಕ್ಸ್ ಮಾತ್ರ ಬೇಡ, ಒದ್ದೆಯಾದರೆ ಬೊಬ್ಬೆ ಗ್ಯಾರಂಟಿ.

ಎತ್ತರದ ಬೂಟಾ, ಗಿಡ್ಡದ್ದಾ? ನಾನು ಗಿಡ್ಡದ್ದನ್ನೇ ಹಾಕುತ್ತೇನೆ. ಕಾಲಿನ ಗಂಟು ಹಿಂದೆ ಉಳುಕಿದ್ದರೆ ಎತ್ತರದ್ದು ತಗೊಳ್ಳಿ.

ಎಲ್ಲಕ್ಕಿಂತ ಮುಖ್ಯ ಅಳತೆ, ಅದರಲ್ಲೂ ಇಳಿಯುವಾಗಿನ ಅಳತೆ. ಹೊಸಬರೆಲ್ಲ ಹತ್ತುವುದರ ಚಿಂತೆ ಮಾಡುತ್ತಾರೆ. ಉಗುರು ಕಪ್ಪಾಗುವುದು ಇಳಿಯುವಾಗ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಊದುತ್ತದೆ. ಟ್ರೆಕ್ಕಿಗೆ ಹಾಕುವ ಸಾಕ್ಸನ್ನೇ ಜೊತೆಗೆ ಒಯ್ಯಿರಿ. ಲೇಸು ಕಟ್ಟುವ ಮೊದಲು ಪಾದ ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಕಟ್ಟಿದ ಮೇಲೆ ಹಿಮ್ಮಡಿ ಮೇಲೇಳಬಾರದು. ಮೆಟ್ಟಿಲು ಇದ್ದರೆ ನಾಲ್ಕು ಸಲ ಇಳಿಯಿರಿ, ಬೆರಳು ಮುಂದೆ ತಾಗಿದರೆ ಅರ್ಧ ಸೈಜು ದೊಡ್ಡದು ಕೇಳಿ. ಅಣ್ಣನಿಂದ ತರಿಸಬೇಡಿ ಅನ್ನಲು ಇದೂ ಒಂದು ಕಾರಣ. ಇಲ್ಲಿ ನಡೆಯುವುದು ಯುಕೆ ನಂಬರು, ಅಮೆರಿಕದ್ದು ಅದಕ್ಕಿಂತ ಅರ್ಧದಿಂದ ಒಂದು ಜಾಸ್ತಿ ಇರುತ್ತದೆ. ಕಾಲಿಗೆ ಹಾಕದೇ ಬೂಟು ತರಿಸುವುದು ಫೋಟೋ ನೋಡಿ ಮದುವೆ ಆದಂತೆ.

ಯಾವುದು ತಗೋಬೇಕು ಅಂತೀರಾ? ಇಲ್ಲಿನ ಹಳೇ ಟ್ರೆಕ್ಕಿನವರು ವರ್ಷಗಳಿಂದ ಆಕ್ಷನ್ ಕಂಪನಿಯ ಅಗ್ಗದ ಟ್ರೆಕಿಂಗ್ ಬೂಟನ್ನೇ ನೆಚ್ಚಿಕೊಂಡಿದ್ದಾರೆ. ನೋಡಲು ಶಾಲೆ ಹುಡುಗರ ಬೂಟಿನ ಹಾಗಿದೆ, ಮೆತ್ತೆ ಕಮ್ಮಿ, ಆದರೆ ಬಂಡೆ ಹಿಡಿಯುತ್ತದೆ. ನಾನು ಮೂರು ಜೊತೆ ಸವೆಸಿದ್ದೇನೆ. ಪಾದಕ್ಕೆ ಇನ್ನಷ್ಟು ಮೆತ್ತಗೆ ಬೇಕು ಅಂದರೆ ಡೆಕಾಥ್ಲಾನ್‌ಗೆ ಹೋಗಿ ನಾಲ್ಕೈದು ಹಾಕಿ ನೋಡಿ.

ತಗೊಂಡ ಮೇಲೆ ಮೊದಲು ಸಿಂಹಗಡ. ಬುಡದ ಆತಕರವಾಡಿ ಊರಿನಿಂದ ನಡೆದೇ ಹತ್ತಿ, ಮೇಲೆ ಪಿಠಲ-ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ), ಮಡಕೆ ಮೊಸರು ತಿಂದು, ನಡೆದೇ ಇಳಿಯಿರಿ. ಇಳಿಯುವ ಮೊದಲು ಲೇಸು ಬಿಚ್ಚಿ ಮೇಲಿನ ಎರಡು ಕಣ್ಣುಗಳಲ್ಲಿ ಬಿಗಿಯಾಗಿ ಕಟ್ಟಿ. ಕೆಳಗೆ ಬಂದಾಗ ಬೆರಳು ಎಲ್ಲಿ ನೋಯ್ತು ಅಂತ ಇಲ್ಲೇ ಬರೆಯಿರಿ, ಹೇಳ್ತೀನಿ. ಅಂಗಡಿಯ ಬಿಲ್ಲು ಎಸೆಯಬೇಡಿ.