ಒಂದೇ ವಾಕ್ಯ, ಎರಡು ಅರ್ಥ

ಪ್ರಶ್ನೆ: ಮೇಡಂ, ನಾನು ಬಿ.ಎ. ಓದುತ್ತಿದ್ದೇನೆ. ‘ಐ ಸಾ ದ ಗಾರ್ಡ್ ವಿತ್ ಬೈನಾಕ್ಯುಲರ್ಸ್’ ಎಂಬ ವಾಕ್ಯಕ್ಕೆ ಎರಡು ಅರ್ಥ ಇವೆ ಅಂತ ನೋಟ್ಸಿನಲ್ಲಿದೆ. ನನಗೆ ಒಂದೇ ಕಾಣುತ್ತದೆ. ಪರೀಕ್ಷೆಯಲ್ಲಿ ಹೊಸ ವಾಕ್ಯ ಕೊಟ್ಟರೆ ಹೇಗೆ ಗುರುತಿಸಲಿ?
– ಓದುಗ, ಹುಮನಾಬಾದ್

ಉತ್ತರ: ಒಂದೇ ಕಂಡರೆ ನಿನ್ನ ತಪ್ಪಲ್ಲ ತಮ್ಮಾ. ಮೊದಲು ಹೊಳೆದ ಅರ್ಥ ಎರಡನೆಯದನ್ನು ಒಳಗೆ ಬಿಡುವುದೇ ಇಲ್ಲ. ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1965ರಲ್ಲೇ ಇದನ್ನು ಬರೆದಿದ್ದಾರೆ. ಅವರು ಕೊಟ್ಟ ವಾಕ್ಯ ‘ಫ್ಲೈಯಿಂಗ್ ಪ್ಲೇನ್ಸ್ ಕ್ಯಾನ್ ಬಿ ಡೇಂಜರಸ್’. ನಮ್ಮ ಬೀದರಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದರೆ ಸಾಕು, ಹುಡುಗರು ಕಿಟಕಿ ಕಡೆ ನೋಡುತ್ತಾರೆ. ಏರ್‌ಫೋರ್ಸ್‌ನ ಹಾಕ್ ವಿಮಾನಗಳು ತಲೆ ಮೇಲೆ ಹಾರುವ ಊರು ಇದು. ಹಾರುವ ವಿಮಾನಗಳು ಅಪಾಯ ಅಂತಲೇ ಅವರ ಉತ್ತರ. ವಿಮಾನ ಹಾರಿಸುವುದು ಅಪಾಯ ಅನ್ನೋ ಅರ್ಥ ತರಬೇತಿಗೆ ಬಂದ ಪೈಲಟ್‌ಗೆ ಮೊದಲು ಹೊಳೆಯಬಹುದು, ಅಲ್ವಾ?

ಇಲ್ಲಿ ಕಿತಾಪತಿ ಮಾಡಿರುವುದು ‘ಕ್ಯಾನ್ ಬಿ’. ಅದರ ಜಾಗದಲ್ಲಿ ‘ಈಸ್’ ಹಾಕು, ಹಾರಿಸುವ ಕೆಲಸದ ಮಾತಾಗುತ್ತದೆ. ‘ಆರ್’ ಹಾಕು, ವಿಮಾನಗಳ ಮಾತಾಗುತ್ತದೆ. ಎರಡೂ ಸರಿಯಾಗಿ ಕೂತವು ಅಂದರೆ ಆ ವಾಕ್ಯಕ್ಕೆ ಎರಡು ರಚನೆ ಇದೆ.

ಇನ್ನು ನಿನ್ನ ಗಾರ್ಡ್. ಬೀದರ್ ಕೋಟೆಯ ಬುರುಜಿನ ಮೇಲೆ ನಿಂತು ನೋಡಿದೆ ಅಂದುಕೋ. ‘ಹೇಗೆ ನೋಡಿದೆ?’ ಅಂತ ಕೇಳಿದರೆ ‘ವಿತ್ ಬೈನಾಕ್ಯುಲರ್ಸ್’ ಉತ್ತರವಾಗುತ್ತದೆ. ಆಗ ಬೈನಾಕ್ಯುಲರ್ ನಿನ್ನ ಕೈಯಲ್ಲಿ. ‘ಯಾವ ಗಾರ್ಡ್?’ ಅಂತ ಕೇಳಿದರೂ ಅದೇ ಉತ್ತರ. ಆಗ ಅದು ಅವನ ಕೊರಳಲ್ಲಿ. ವಾಕ್ಯದ ಬಾಲದಲ್ಲಿ ‘ವಿತ್’, ‘ಇನ್’, ‘ಆನ್’ ಕಂಡರೆ ಸುಮ್ನೆ ಮುಂದೆ ಹೋಗಬೇಡ. ಆ ತುಣುಕು ಕ್ರಿಯಾಪದಕ್ಕೆ ಅಂಟಿದೆಯಾ, ಪಕ್ಕದ ನಾಮಪದಕ್ಕೆ ಅಂಟಿದೆಯಾ ನೋಡು. ನನ್ನ ಅನುಭವದಲ್ಲಿ ಪರೀಕ್ಷೆಗೆ ಜಾಸ್ತಿ ಬರುವುದು ಇದೇ ಜಾತಿ.

‘ಓಲ್ಡ್ ಮೆನ್ ಆ್ಯಂಡ್ ವಿಮೆನ್’ ಸುಲಭ. ಹೆಂಗಸರಿಗೂ ವಯಸ್ಸಾಗಿದೆಯಾ ಇಲ್ಲವಾ ಅನ್ನುವುದಷ್ಟೇ ಗೊಂದಲ. ‘ವಿಮೆನ್ ಆ್ಯಂಡ್ ಓಲ್ಡ್ ಮೆನ್’ ಅಂತ ತಿರುಗಿಸಿದರೆ ಒಂದೇ ಅರ್ಥ ಉಳಿಯುತ್ತದೆ.

‘ಹಿ ವೆಂಟ್ ಟು ದ ಬ್ಯಾಂಕ್’ ಕೊಟ್ಟರೆ ಮಾತ್ರ ಮೋಸ ಹೋಗಬೇಡ. ಅವನು ಹಣದ ಬ್ಯಾಂಕಿಗೆ ಹೋದನೋ, ಮಾಂಜ್ರಾ ದಂಡೆಗೆ ಹೋದನೋ? ಈ ಗೊಂದಲ ಹುಟ್ಟುವುದು ಒಂದು ಪದದಿಂದ, ರಚನೆಯಿಂದಲ್ಲ. ಹಾಗಾಗಿ ಅದಕ್ಕೆ ಒಂದೇ ಟ್ರೀ ಡಯಾಗ್ರಾಂ, ಅಂದರೆ ಯಾವ ಪದ ಯಾವುದಕ್ಕೆ ಅಂಟಿದೆ ಅಂತ ಕೊಂಬೆಗಳಲ್ಲಿ ತೋರಿಸುವ ಚಿತ್ರ. ಗಾರ್ಡ್ ವಾಕ್ಯಕ್ಕೆ ಎರಡು ಬೇಕು, ಪ್ರತಿಯೊಂದರ ಕೆಳಗೆ ಅದರ ಅರ್ಥವನ್ನೂ ಬಿಡಿಸಿ ಬರೆ.