ಬೆರಳ ತುದಿ ಹೋದರೆ ಗಿಟಾರ್ ಬಿಡಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಎಂಟು ತಿಂಗಳು ಗಿಟಾರ್ ಕಲಿತಿದ್ದೆ. ಕಳೆದ ಕೊಯ್ಲಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ಎಡಗೈ ಉಂಗುರ ಬೆರಳಿನ ತುದಿ ಹೋಯಿತು. ಗಾಯ ಮಾಗಿದೆ, ಆದರೆ ತಂತಿ ಒತ್ತಿದರೆ ಜೀವ ಹೋಗುತ್ತದೆ. ಹೆವಿ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತ ಶುರು ಮಾಡಿದವನಿಗೇ ಬೆರಳ ತುದಿ ಇರಲಿಲ್ಲ ಅಂತ ಗೆಳೆಯ ಹೇಳುತ್ತಾನೆ. ನಿಜಾನಾ, ಸುಮ್ನೆ ಸಮಾಧಾನಕ್ಕೆ ಹೇಳಿದ್ದಾ?

ಉತ್ತರ (ಹಾಸನದ ಗಿಟಾರ್ ಮೇಷ್ಟ್ರಿಂದ): ನಿಜಾನೇ. ಅವರು ಬ್ಲ್ಯಾಕ್ ಸಬಾತ್ ಬ್ಯಾಂಡಿನ ಟೋನಿ ಅಯೋಮಿ. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವತ್ತು ಕೆಲಸದ ಕೊನೆಯ ದಿನ. ಊಟಕ್ಕೆ ಮನೆಗೆ ಬಂದವರಿಗೆ ವಾಪಸ್ ಹೋಗಲು ಮನಸ್ಸಿರಲಿಲ್ಲ, ಅಮ್ಮ ಕಳಿಸಿದರು. ಮಧ್ಯಾಹ್ನ ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರ ಬೆರಳು ಎರಡರ ತುದಿಯೂ ಹೋಯಿತು. ಅವರು ಎಡಗೈಯವರು, ಹಾಗಾಗಿ ತಂತಿ ಒತ್ತುವ ಕೈ ಬಲಗೈಯೇ.

ಮುಂದೆ ಮಾಡಿದ್ದು ನಮ್ಮ ತೋಟದ ಮೆಕ್ಯಾನಿಕ್ ಬುದ್ಧಿ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದರು. ಕಾದ ಸಾಲ್ಡರಿಂಗ್ ಕಡ್ಡಿಯಲ್ಲಿ ಬೆರಳು ಹಿಡಿಸುವಷ್ಟು ತೂತು ಕೊರೆದರು, ಮರಳು ಕಾಗದದಲ್ಲಿ ಉಜ್ಜಿದರು. ಪ್ಲಾಸ್ಟಿಕ್ ತಂತಿ ಮೇಲೆ ಜಾರುತ್ತಿತ್ತು. ಅದಕ್ಕೆ ಹಳೇ ಜಾಕೆಟ್ಟಿನ ಚರ್ಮ ಕತ್ತರಿಸಿ ಅಂಟಿಸಿದರು. ತೆಳು ತಂತಿಯ ಸೆಟ್ ಆಗ ಸಿಗದೆ ಬ್ಯಾಂಜೋ ತಂತಿ ಹಾಕಿಕೊಂಡರು.

ಆಮೇಲೆ ಶ್ರುತಿಯನ್ನೂ ಇಳಿಸಿದರು. ಮೂರು ಸ್ವರಸ್ಥಾನ (ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಸೇರಿ ಮೂರು ಮನೆ) ಇಳಿಸಿದರೆ ತಂತಿಯ ಬಿಗಿ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಬೆರಳಿಗೆ ಆರಾಮ, ನಾದವೂ ತೂಕದ್ದು. ಹಾಗಂತ ಆ ಗಡಸುತನಕ್ಕೆಲ್ಲ ಬೆರಳೇ ಕಾರಣ ಅನ್ನುವವರ ಮಾತು ನಾನು ಒಪ್ಪಲ್ಲ. 1970ರ ಮೊದಲ ಆಲ್ಬಂ ಮಾಮೂಲಿ ಶ್ರುತಿಯಲ್ಲೇ ಇದೆ. ಮೂರು ಸ್ವರಸ್ಥಾನ ಇಳಿದದ್ದು 1971ರಲ್ಲಿ. ಆ ಮೊದಲ ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಎದೆ ಝಲ್ ಅನ್ನಿಸುವುದು ಷಡ್ಜದ (ಸ) ಜೊತೆ ಪ್ರತಿ ಮಧ್ಯಮ (ಮೇಲಿನ ಮ) ಇಟ್ಟ ರೀತಿ. ಅದೇ ಸ್ವರ ಕಲ್ಯಾಣಿ ರಾಗದಲ್ಲಿ ಎಷ್ಟು ಮಂಗಳಕರ, ಅಲ್ವಾ? ಆ ಹಾಡಿನಲ್ಲಿ ಹೆದರಿಸುತ್ತದೆ.

ಈಗ ನಿಮ್ಮ ವಿಷಯ. ಮೊದಲು ಡಾಕ್ಟರಿಗೆ ತೋರಿಸಿ. ಒತ್ತಿದಾಗ ಕರೆಂಟ್ ಹೊಡೆದಂತಾದರೆ ನರದ ತೊಂದರೆ ಇರಬಹುದು, ಹಟ ಮಾಡಬೇಡಿ. ಅವರು ಸರಿ ಅಂದರೆ ಅಕೂಸ್ಟಿಕ್‌ಗೆ 10ರ ಸೆಟ್ (ಅತಿ ತೆಳು ತಂತಿ 0.010 ಇಂಚು ದಪ್ಪ ಇರುವುದು), ಎಲೆಕ್ಟ್ರಿಕ್ ಆದರೆ 8ರ ಸೆಟ್ ಹಾಕಿಸಿ, ಎರಡು ಸ್ವರಸ್ಥಾನ ಇಳಿಸಿ. ಕಲಿತದ್ದು ಎಂಟೇ ತಿಂಗಳಾದ್ದರಿಂದ ಗಿಟಾರ್ ತಿರುಗಿಸಿ ಬಲಗೈಯಲ್ಲಿ ಒತ್ತುವುದನ್ನೂ ಯೋಚಿಸಬಹುದು. ನಾನಾದರೆ ಮೊದಲು ಬೆರಳ ತುದಿಗೆ ಚರ್ಮದ ಟೋಪಿಯನ್ನೇ ನೋಡುತ್ತೇನೆ. ಚಪ್ಪಲಿ ಹೊಲಿಯುವವರ ಹತ್ತಿರ ತೆಳು ಚರ್ಮದ ಚೂರು ಸಿಗುತ್ತದೆ. ಬೇಗ ಸವೆಯುತ್ತದೆ, ಎರಡು ಜಾಸ್ತಿಯೇ ಕತ್ತರಿಸಿಟ್ಟುಕೊಳ್ಳಿ.